ಕೈಗಡಿಯಾರಕ್ಕೆ ಕಂದೀಲಿನ ಬತ್ತಿ

ಮದುವೆಯಲ್ಲಿ ಮಾವನವರು ನನಗೆ ಕೊಟ್ಟ ಕೈಗಡಿಯಾರ ಗಟ್ಟಿ ಜೀವದ್ದು. ಕೆಟ್ಟದ್ದು ಅದರ ಪಟ್ಟಾ. ಮೂರು ಬೇಸಿಗೆ ದಾಟುವಷ್ಟರಲ್ಲಿ ಆ ಚರ್ಮ ನನ್ನ ಬೆವರನ್ನೆಲ್ಲ ಕುಡಿದು, ಹತ್ತಿಯ ಧೂಳನ್ನೆಲ್ಲ ಮೆತ್ತಿಕೊಂಡು, ಹಳೆಯ ಹಪ್ಪಳದ ಹಾಗೆ ಬಿರುಕು ಬಿಟ್ಟಿತ್ತು. ಕೊಂಡಿ ಸಿಕ್ಕಿಸುವ ತೂತುಗಳಲ್ಲಿ ಎರಡು ಕೂಡಿ ಒಂದಾಗಿದ್ದವು. ಮೂರನೆಯದೂ ಅದೇ ದಾರಿ ಹಿಡಿದಿತ್ತು.

ಆಗ ನಾನು ನರಗುಂದದ ಒಂದು ಹತ್ತಿ ಗಿರಣಿಯಲ್ಲಿ ಕಾರಕೂನ. ಆಣೆಗಳು ಹೋಗಿ ನಯೇ ಪೈಸೆ ಬಂದ ಹೊಸತು. ನನ್ನ ಊರು ಜಕ್ಕಲಿ, ಓದಿದ್ದು ರೋಣದ ಸಾಲೆಯಲ್ಲಿ, ಹೆಂಡತಿಯ ತವರು ಗಜೇಂದ್ರಗಡ. ನರಗುಂದದಲ್ಲಿ ಗುಡ್ಡದ ಕೆಳಗೆ ಒಂದು ಖೋಲಿ ಹಿಡಿದು ನಾವಿಬ್ಬರೇ ಇದ್ದೆವು. ಇಬ್ಬರೇ ಎನ್ನುವುದೂ ಪೂರ್ತಿ ಖರೇ ಅಲ್ಲ, ಹೆಂಡತಿಗೆ ಆಗ ಐದು ತಿಂಗಳು.

ಹೊಸ ಪಟ್ಟಾ ಬೇಕೆಂದರೆ ಗದಗಿಗೋ ಹುಬ್ಬಳ್ಳಿಗೋ ಹೋಗಬೇಕಿತ್ತು. ಹತ್ತಿಯ ಸುಗ್ಗಿಯಲ್ಲಿ ಕಾರಕೂನನಿಗೆ ರಜೆ ಕೊಡುವವರು ಯಾರು? ಹಾಗಾಗಿ ಮನೆಯಲ್ಲೇ ರಿಪೇರಿ ಸುರುವಾಯಿತು. ಮೊದಲು ಔಡಲೆಣ್ಣೆ ತಿಕ್ಕಿ ಬಿಸಿಲಿಗಿಟ್ಟೆ. ಚರ್ಮ ಮೆತ್ತಗಾಯಿತು, ಜೊತೆಗೆ ಇದ್ದಬದ್ದ ಕಸುವನ್ನೂ ಕಳೆದುಕೊಂಡಿತು. ಆಮೇಲೆ ದಬ್ಬಣ ತಗೊಂಡು, ಹತ್ತಿಯ ಅಂಡಿಗೆ ಹೊಲಿಯುವ ಸುತಳಿಯಿಂದ ಹರಿದಲ್ಲಿ ಹೊಲಿದೆ. ನೋಡಿದವರು ಕೈಗೆ ಗಾಯವಾಗಿದೆಯೇ ಎಂದು ಕೇಳತೊಡಗಿದರು. ಗಿರಣಿಯ ಮೇಸ್ತ್ರಿ ಭಾಳ ಮಮತೆಯಿಂದ, ಸವೆದ ರೂಲಿನಿಂದ ಕಿತ್ತ ಚರ್ಮದಲ್ಲಿ ಒಂದು ಪಟ್ಟಿ ಕತ್ತರಿಸಿ ಕೊಟ್ಟ. ಹತ್ತಿಯನ್ನು ಬೀಜದಿಂದ ಎಳೆದು ಬಿಡಿಸುವ ಆ ರೂಲುಗಳಿಗೆ ಸುತ್ತುವುದು ಎಮ್ಮೆಯ ಚರ್ಮ. ಅದು ಎಂಥ ದಪ್ಪ ಎಂದರೆ ಪಟ್ಟಾ ಸಿಕ್ಕಿಸುವ ಗಡಿಯಾರದ ಕಡ್ಡಿಯೊಳಗೆ ತೂರಲೇ ಇಲ್ಲ. ತೆಳ್ಳಗೆ ಹೆರೆಯಲು ಹೋಗಿ ಹೆಬ್ಬೆರಳು ಹೆರೆದುಕೊಂಡೆ.

ಮಾವನವರದು ಗಜೇಂದ್ರಗಡದಲ್ಲಿ ಸೀರೆಯ ಅಂಗಡಿ. ಅವರಿಗೆ ಸುದ್ದಿ ಹೇಗೆ ಮುಟ್ಟಿತೋ, ಬಸ್ಸಿನವನ ಕೈಯಲ್ಲಿ ಒಂದು ಗೇಣು ಸೀರೆಯ ದಡಿ ಕಳಿಸಿದರು. ಕೆಂಪು ರೇಷ್ಮೆಯ ಗಟ್ಟಿ ದಡಿ. ಕಟ್ಟಿಕೊಂಡು ಹೋದ ದಿನ ಗಿರಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕದ್ದು ಸಂಜೆಯವರೆಗೂ ನಿಲ್ಲಲಿಲ್ಲ. ಮೇಲಾಗಿ ರೇಷ್ಮೆ ಜಾರುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಕಂದೀಲು ಒರೆಸುತ್ತ ಕುಳಿತಿದ್ದೆ. ಬತ್ತಿ ಗಿಡ್ಡಾಗಿದೆಯೇನೋ ಎಂದು ಹೊರಗೆಳೆದರೆ ಒಂದೂವರೆ ಗೇಣು ಬಂತು. ಚಪ್ಪಟೆ, ಗಟ್ಟಿ ನೂಲಿನ ನೇಯ್ಗೆ, ಅಗಲ ನೋಡಿದರೆ ಗಡಿಯಾರದ ಕಡ್ಡಿಗೆ ಅಳೆದು ಮಾಡಿಸಿದ ಹಾಗೆ! ಇಡೀ ನಾಡು ಪಟ್ಟಾ ಪಟ್ಟಾ ಎಂದು ಹುಬ್ಬಳ್ಳಿಗೆ ಓಡುತ್ತಿದೆ, ಉತ್ತರ ಮನೆಮನೆಯ ಕಂದೀಲಿನಲ್ಲಿ ಕೂತಿದೆ!

ಸುಟ್ಟ ತುದಿ ಕತ್ತರಿಸಿ, ಬೂದಿ ಹಾಕಿ ತಿಕ್ಕಿ, ಅಂಟಲಕಾಯಿಯ ನೀರಿನಲ್ಲಿ ಎರಡು ಸಲ ಒಗೆದು ಒಣಗಿಸಿದೆ. ಹೊಸ ಬತ್ತಿಯನ್ನೇ ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೊಸದು ಬಿರುಸು, ಹಳೆಯದು ಎಣ್ಣೆ ಕುಡಿದು ಕುಡಿದು ಮೆತ್ತಗಾಗಿತ್ತು, ಚರ್ಮಕ್ಕೆ ಹಿತವಾಗಿತ್ತು. ಒಂದೇ ಪಟ್ಟಿಯನ್ನು ಗಡಿಯಾರದ ಬೆನ್ನ ಹಿಂದಿನಿಂದ ಎರಡೂ ಕಡ್ಡಿಗಳೊಳಗೆ ತೂರಿಸಿ, ಹಳೆಯ ಪಟ್ಟಾದ ಕೊಂಡಿಯನ್ನು ತುದಿಗೆ ಹೊಲಿದು, ಕೈಗೆ ಕಟ್ಟಿಕೊಂಡು ಹೆಂಡತಿಯ ಮುಂದೆ ಹಿಡಿದೆ.

ಆಕೆ ಮೂಗು ಮುಚ್ಚಿಕೊಂಡಳು. “ಚಿಮಣಿ ಎಣ್ಣಿ ನಾರತೈತ್ರಿ.”

“ಎರಡ ಸಲ ಒಗದೀನಿ. ಎಲ್ಲಿ ನಾತ?”

“ನಿಮ್ಮ ಕೈಯಾಗ.”

“ನಿನ್ನೆ ಒಗ್ಗರಣಿನೂ ನಾರತೈತಿ ಅಂದಿ. ಮೊನ್ನೆ ನನ್ನ ಅಂಗಿ ನಾರತೈತಿ ಅಂದಿ. ಬಸರಿ ಮೂಗು ನಿಂದು, ಅದರ ಮಾತು ಕೇಳಿದ್ರ ನಾ ಊರು ಬಿಡಬೇಕಾಕ್ಕೈತಿ.”

“ಬಿಡಬ್ಯಾಡ್ರಿ. ಕೈ ಅಷ್ಟು ದೂರ ಇಟ್ಕೋರಿ,” ಎಂದು ಆಕೆ ರೊಟ್ಟಿ ಬಡಿಯಲು ಕುಳಿತಳು.

ಆ ಪಟ್ಟಾದ ಒಂದೇ ದೋಷವೆಂದರೆ ತೂತು. ನೇಯ್ದ ಬತ್ತಿಗೆ ಕೊಂಡಿಯ ಮುಳ್ಳು ಚುಚ್ಚಿದರೆ ಎಳೆಗಳು ಸರಿದು ಜಾಗ ಕೊಡುತ್ತಿದ್ದವು. ಬೆವರಿಗೆ ಬತ್ತಿ ಹಿಗ್ಗಿ, ಮುಂಜಾನೆ ಬಿಗಿಯಾಗಿದ್ದದ್ದು ಮಧ್ಯಾಹ್ನಕ್ಕೆ ಬಳೆಯಂತೆ ಆಡುತ್ತಿತ್ತು. ನಾನು ದಿನಕ್ಕೊಂದು ಹೊಸ ತೂತು ಹಿಡಿದು ಬಿಗಿ ಮಾಡಿಕೊಳ್ಳುತ್ತಿದ್ದೆ. ಕೇಳಿದವರಿಗೂ ಕೇಳದವರಿಗೂ ಈ ಉಪಾಯ ಹೇಳಿದೆ. ಅಂಚೆಯವನೊಬ್ಬ ತಾನೂ ಹಾಗೇ ಮಾಡಿಕೊಂಡ.

ಗಿರಣಿಯ ಮಾತು ಒಂದಿಷ್ಟು ಹೇಳಬೇಕು. ಕೆಳಗೆ ಇಂಜಿನ್ನು, ಅದರಿಂದ ಉದ್ದಕ್ಕೆ ಒಂದು ತೊಲೆಯಂಥ ಕಬ್ಬಿಣ, ಅದರಿಂದ ಮೇಲಿನ ಅಟ್ಟದಲ್ಲಿ ಸಾಲು ಹಿಡಿದ ಯಂತ್ರಗಳಿಗೆಲ್ಲ ತಿರುಗುವ ಪಟ್ಟಿಗಳು. ಒಂದೊಂದು ಯಂತ್ರದ ಮುಂದೆ ಒಬ್ಬೊಬ್ಬ ಹೆಂಗಸು ನಿಂತು, ಬುಟ್ಟಿಯ ಹತ್ತಿಯನ್ನು ಹಿಡಿ ಹಿಡಿಯಾಗಿ ರೂಲಿನ ಬಾಯಿಗೆ ಕೊಡುತ್ತಿದ್ದಳು. ರೂಲಿನ ಒತ್ತಿಗೆ ಒಂದು ಉಕ್ಕಿನ ಪಟ್ಟಿ. ಅಲ್ಲಿ ಒಂದು ಮೊಳೆ, ಒಂದು ಪೈಸೆ ಸಿಕ್ಕರೂ ಕಿಡಿ ಹಾರುತ್ತಿತ್ತು. ಹತ್ತಿಗೆ ಕಿಡಿ ಬಿದ್ದರೆ ಕೂಗುವುದಕ್ಕೂ ಪುರಸೊತ್ತು ಸಿಗದು. ಹಿಂದಿನ ಸುಗ್ಗಿಯಲ್ಲಿ ಹಾಗಾಗಿ ಇಬ್ಬರು ಹೆಂಗಸರ ಬಲಗೈ ಮೊಳಕೈವರೆಗೆ ಸುಟ್ಟಿತ್ತು. ಅವರಲ್ಲೊಬ್ಬಾಕೆ ಈ ವರ್ಷವೂ ಬರುತ್ತಿದ್ದಳು, ಎಡಗೈಯಿಂದ ಹತ್ತಿ ಹಾಕುತ್ತಿದ್ದಳು.

ಅಂದಿನಿಂದ ಗಿರಣಿಯ ಮಾಲೀಕ ಸಾವುಕಾರರು ಒಂದು ಕಟ್ಟಳೆ ಮಾಡಿದ್ದರು. ಒಳಗೆ ಲೋಹ ತರಕೂಡದು. ತಾಳಿ, ಕಾಲುಂಗುರ ಮಾತ್ರ ಮಾಫಿ. ದಿನಾ ಮುಂಜಾನೆ ಬಾಗಿಲಲ್ಲಿ ನಿಂತು ನೋಡುವ ಕೆಲಸ ನನ್ನದು. ಹೆಂಗಸರನ್ನು ಮುಟ್ಟಿ ನೋಡುವ ಹಾಗಿಲ್ಲವಲ್ಲ, ಅವರು ಎಲೆ ಅಡಿಕೆಯ ಚೀಲ ಝಾಡಿಸಿ ತೋರಿಸುತ್ತಿದ್ದರು, ನಾನು “ಹೂಂ, ನಡೀರಿ” ಎನ್ನುತ್ತಿದ್ದೆ. ಸಿಕ್ಕುತ್ತಿದ್ದದ್ದು ಸುಣ್ಣದ ಡಬ್ಬಿಗಳು. ಅವನ್ನು ಕಟ್ಟೆಯ ಮೇಲೆ ಇಡಿಸುತ್ತಿದ್ದೆ. ನನ್ನ ಗಡಿಯಾರಕ್ಕೂ ಮಾಫಿ ಇತ್ತು, ಏಕೆಂದರೆ ಹೊತ್ತು ನೋಡಿ ಗಂಟೆ ಬಾರಿಸುವವನು ನಾನೇ. ಆದರೆ ಹತ್ತಿಯ ರಾಶಿಗೆ ಹೋಗುವಾಗ ಬಿಚ್ಚಿ ಮೇಜಿನ ಮೇಲೆ ಇಡಬೇಕೆಂಬ ಕರಾರಿತ್ತು. ಮೊದಮೊದಲು ಇಡುತ್ತಿದ್ದೆ.

ಹೆಂಗಸರಲ್ಲಿ ಪುರ್ತಗೇರಿಯ ಒಬ್ಬ ಮುದುಕಿ ಇದ್ದಳು. ಸುಗ್ಗಿಯ ಮಟ್ಟಿಗೆ ನರಗುಂದದಲ್ಲಿ ತಂಗಿಯ ಮನೆಯಲ್ಲಿ ಇರುವಾಕೆ. ನನ್ನ ತಾಯಿಯ ತವರು ಪುರ್ತಗೇರಿ ಎಂದು ಗೊತ್ತಾದ ದಿನವೇ, “ಹಂಗಾರ ನಮ್ಮೂರ ಮಗಳ ಮಗ ನೀ, ನನಗ ಮೊಮ್ಮಗನ ಆಗಬೇಕು” ಎಂದು ತೀರ್ಮಾನ ಕೊಟ್ಟಿದ್ದಳು. ನಾನೂ ಆಕೆಯನ್ನು ಆಯಿ ಎನ್ನುತ್ತಿದ್ದೆ. ಆದರೆ ಬಾಗಿಲಲ್ಲಿ ನನ್ನೊಳಗಿನ ಮೊಮ್ಮಗ ಹೋಗಿ ಕಾರಕೂನ ಬರುತ್ತಿದ್ದ.

“ಡಬ್ಬಿ ಇಡು ಆಯಿ.”

“ಸುಣ್ಣ ಇಲ್ದ ಎಲಿ ತಿನ್ನಾಕ ನಾ ಏನ್ ಆಡು-ಕುರಿನಾ?”

“ಎಲಿಗೇ ಸುಣ್ಣ ಹಚ್ಕೊಂಡು ಬಾ.”

“ಒಣಗಿ ಬಾಯಿ ಸುಡತೈತಿ. ನಿನ್ನ ಗಡಿಯಾರ ಏನು ಮಣ್ಣಿಂದ ಮಾಡ್ಯಾರೇನೋ?”

“ಇದು ಸರಕಾರಿ ಕೆಲಸಕ್ಕ ಆಯಿ.”

“ಏ, ಸಾವುಕಾರನ ಗಿರಣಿ ಯಾವಾಗ ಸರಕಾರಿ ಆತು!” ಎಂದು ಡಬ್ಬಿಯನ್ನು ಕಟ್ಟೆಗೆ ಕುಕ್ಕಿ ಒಳಗೆ ಹೋಗುತ್ತಿದ್ದಳು. ಆಮೇಲಾಮೇಲೆ ಡಬ್ಬಿ ತರುವುದನ್ನೇ ಬಿಟ್ಟಳು. ಚೀಲ ಝಾಡಿಸಿದರೆ ಎಲೆ, ಅಡಿಕೆ, ತಂಬಾಕು ಮಾತ್ರ. ಮುದುಕಿ ದಾರಿಗೆ ಬಂದಳೆಂದು ನಾನು ಮೀಸೆ ತಿರುವಿದೆ.

ಆ ದಿನ ನಮ್ಮ ಜಕ್ಕಲಿಯ ಕಡೆಯ ಬಂಡಿಗಳು ಬಂದಿದ್ದವು. ರೈತರು ಬಂಡಿಯ ನಡುವೆ ಹಸಿ ಹತ್ತಿ ತುಂಬಿ ಮೇಲೆ ಒಣಗಿದ್ದನ್ನು ಹೊದಿಸುವುದುಂಟು, ಅದಕ್ಕೆ ಕಾರಕೂನನಾದವನು ಹೆಗಲಿನ ತನಕ ತೋಳು ಒಳಗೆ ತೂರಿಸಿ ಒಂದು ಹಿಡಿ ಎಳೆದು ನೋಡಬೇಕು. ಊರಿನವರು ನೋಡಲಿ ಎಂದೇ ನಾನು ಗಡಿಯಾರ ಬಿಚ್ಚಿಡಲಿಲ್ಲ. ಇದನ್ನು ಈಗ ಒಪ್ಪಿಕೊಳ್ಳಲು ನಾಚಿಕೆ ಏನೂ ಇಲ್ಲ. ತೋಳು ತೂರಿಸಿ, ಎಳೆದು, ನೋಡಿ, “ಚಲೋ ಐತಿ, ಸುರೀರಿ” ಎಂದೆ. ಅವರು ಸುರಿದರು. ಒಳಗಿನ ಆಳುಗಳು ಅದನ್ನು ಬುಟ್ಟಿಗಳಲ್ಲಿ ಮೇಲಕ್ಕೆ ಹೊತ್ತರು. ನಾನು ಖಾತೆಯ ಮೇಜಿಗೆ ಹೋಗಿ ಕುಳಿತೆ.

ಮಧ್ಯಾಹ್ನದ ಊಟವಾಗಿ ಬಹಳ ಹೊತ್ತಾಗಿರಲಿಲ್ಲ. ಮೇಸ್ತ್ರಿ ಇಂಜಿನ್ನಿನ ಸದ್ದು ಮೀರಿಸಿ ಕೂಗಿದ, “ಟೈಮ್ ಎಷ್ಟಾತ್ರಿ ಕಾರಕೂನ್ರ?”

ನಾನು ಮೊಳಕೈ ಮಡಚಿ, ಅಂಗಿಯ ತೋಳು ಸರಿಸಿ, ಮುಖದ ಮುಂದೆ ಕೈ ತಂದೆ. ಅಲ್ಲಿ ಗಡಿಯಾರ ಇರಲಿಲ್ಲ. ಗಡಿಯಾರ ಇದ್ದ ಜಾಗ ಇತ್ತು. ಮೂರು ವರ್ಷ ಬಿಸಿಲು ಕಾಣದ ಚರ್ಮ, ಸುಣ್ಣ ಬಳಿದ ಗೆರೆಯ ಹಾಗೆ ಬೆಳ್ಳಗೆ, ನನ್ನನ್ನೇ ನೋಡುತ್ತಿತ್ತು.

ಮೇಜಿನ ಮೇಲೆ ನೋಡಿದೆ. ನೆಲ ನೋಡಿದೆ. ಮೂರ್ಖನ ಹಾಗೆ ಕಿಸೆಯೊಳಗೂ ಕೈ ಹಾಕಿದೆ. ಆದರೆ ಕೈ ಹಾಕುವಾಗಲೇ ನನಗೆ ಗೊತ್ತಿತ್ತು, ಅದು ಬಂಡಿಯ ಹತ್ತಿಯಲ್ಲಿ ಉಳಿದಿದೆ, ಆ ಹತ್ತಿ ಮೇಲೆ ಹೋಗಿದೆ, ಮೇಲೆ ಇಪ್ಪತ್ತು ಜನ ಹೆಂಗಸರು ಅದನ್ನು ಹಿಡಿ ಹಿಡಿಯಾಗಿ ರೂಲಿನ ಬಾಯಿಗೆ ಕೊಡುತ್ತಿದ್ದಾರೆ.

ಓಡಿದೆ. ಮೆಟ್ಟಿಲಲ್ಲಿ ಒಂದು ಚಪ್ಪಲಿ ಬಿಟ್ಟೆ. “ನಿಲ್ಲಸ್ರಿ! ಇಂಜಿನ್ ನಿಲ್ಲಸ್ರಿ! ಹತ್ತ್ಯಾಗ ಕಬ್ಬಿಣ ಬಿದ್ದೈತಿ!”

ಹೆಂಗಸರು ಬೆಂಕಿಯನ್ನೇ ಕಂಡವರ ಹಾಗೆ ಕೈ ಎಳೆದುಕೊಂಡು ಗೋಡೆಗೆ ಸರಿದರು. ಆ ಎಡಗೈಯಾಕೆ ನಿಂತಲ್ಲೇ ಕೂತುಬಿಟ್ಟಳು. ಮೇಸ್ತ್ರಿ ಇಂಜಿನ್ನು ನಿಲ್ಲಿಸಿದ. ಪಟ್ಟಿಗಳು ಫಟ್ ಫಟ್ ಎಂದು ನಾಲ್ಕು ಸಲ ಹೊಡೆದುಕೊಂಡು ನಿಂತವು. ಸುಗ್ಗಿ ಸುರುವಾದಾಗಿನಿಂದ ಹಗಲಿನಲ್ಲಿ ಆ ಗಿರಣಿ ಸುಮ್ಮನಾದದ್ದನ್ನು ನಾನು ಕೇಳಿರಲಿಲ್ಲ. ತಗಡಿನ ಮೇಲೆ ಗುಬ್ಬಿ ನಡೆದಾಡುವುದೂ ಕೇಳುತ್ತಿತ್ತು.

ಆ ನಿಶ್ಶಬ್ದಕ್ಕೆ ಎಚ್ಚರಾಗಿ ಸಾವುಕಾರರು ಬಂದರು. ಅಂಗವಸ್ತ್ರ ಅರ್ಧ ಹೆಗಲ ಮೇಲೆ, ಅರ್ಧ ನೆಲದ ಮೇಲೆ. “ಏನು? ಯಾರು ನಿಲ್ಲಿಸಿದ್ದು?”

“ನಾನ್ರಿ. ಹತ್ತ್ಯಾಗ ಏನೋ ಬಿದ್ದೈತ್ರಿ.”

“ಏನು ಬಿದ್ದೈತಿ?”

ಇಲ್ಲಿ ನಾನು ನನ್ನ ಗಡಿಯಾರ ಎನ್ನಬೇಕಿತ್ತು. ಬಾಯಿ ತೆರೆದೆ. “ಏನೋ ಮಿಂಚಿದಂಗಾತ್ರಿ,” ಎಂದು ಬಂತು.

ಈ ಮಾತು ಎಲ್ಲಿಂದ ಬಂತೆಂದು ಇಂದಿಗೂ ನನಗೆ ತಿಳಿದಿಲ್ಲ. ನಾನು ಸುಳ್ಳು ಹೇಳಿ ಬೆಳೆದವನಲ್ಲ. ಸಣ್ಣವನಿದ್ದಾಗ ಬೆಲ್ಲ ಕದ್ದರೂ ಕೇಳುವ ಮೊದಲೇ ಹೇಳಿಬಿಡುತ್ತಿದ್ದೆನೆಂದು ನಮ್ಮವ್ವ ನಗುತ್ತಿದ್ದಳು. ಆ ಹುಡುಗ ಅಂದು ಎಲ್ಲಿ ಹೋಗಿದ್ದನೋ. ಕೈಯನ್ನು ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ.

ಸಾವುಕಾರರಿಗೆ ಯೋಚನೆ ಮಾಡುವುದೇನೂ ಇರಲಿಲ್ಲ. “ಡಬ್ಬಿ! ಮತ್ತ ಯಾವಾಕಿನೋ ಡಬ್ಬಿ ತಂದಾಳ! ಎಲ್ಲಾರೂ ಕೆಳಗ ಇಳೀರಿ. ಚೀಲ ತಗೀರಿ. ಯಾರ ಕಡೆ ಏನೈತಿ ಅವರ ತೋರಿಸಿದ್ರ ಪಾಡ, ಇಲ್ಲಾಂದ್ರ ನಾಳೆ ಯಾರೂ ಬರೂದು ಬ್ಯಾಡ.”

ಹೆಂಗಸರು ಅಂಗಳದಲ್ಲಿ ಸಾಲಾಗಿ ನಿಂತರು. ಚೀಲ ಝಾಡಿಸಿದರು. ಎಲೆ, ಅಡಿಕೆ, ತಂಬಾಕು. ಆಗ ಆ ಪುರ್ತಗೇರಿಯ ಆಯಿ ಒಂದು ಹೆಜ್ಜೆ ಮುಂದೆ ಬಂದು, ಎರಡೂ ಕೈ ಎತ್ತಿ, ತನ್ನ ತುರುಬು ಬಿಚ್ಚಿದಳು. ಬಿಳಿಯ ಕೂದಲಿನ ನಡುವಿನಿಂದ ಸುಣ್ಣದ ಡಬ್ಬಿ ತೆಗೆದು ಅಂಗೈ ಮೇಲೆ ಇಟ್ಟು ಹಿಡಿದಳು.

ತುರುಬಿನಲ್ಲಿ! ಎಷ್ಟು ದಿನದಿಂದ ನನ್ನ ಮೂಗಿನ ಕೆಳಗೆ ತಲೆ ಬಾಗಿಸಿ ಒಳಗೆ ಹೋಗುತ್ತಿದ್ದಳು! ಮುದುಕಿಗೆ ವಿನಯ ಬಂದಿದೆ ಎಂದುಕೊಂಡಿದ್ದೆ.

“ಇಗೋರಿ. ಇದು ನಂದು.”

ಸಾವುಕಾರರ ಮುಖ ಕಪ್ಪಾಯಿತು. “ಹ್ವಾದ ವರ್ಷ ಇಬ್ಬರು ಸುಟ್ಟದ್ದು ಕಣ್ಣಾರೆ ಕಂಡಿ. ಕಂಡೂ ತಂದಿ. ನಡಿ ಹೊರಗ. ಇನ್ನ ಈ ಗಿರಣಿ ಮೆಟ್ಟಲ ಹತ್ತಬ್ಯಾಡ.”

ಆಕೆ ಬೇಡಿಕೊಳ್ಳಲಿಲ್ಲ, ಅಳಲೂ ಇಲ್ಲ. ಸುಗ್ಗಿ ಇನ್ನೂ ಒಂದೂವರೆ ತಿಂಗಳಿತ್ತು. ಈ ಒಂದೂವರೆ ತಿಂಗಳು ದುಡಿದದ್ದೇ ಆಕೆ ಮಳೆಗಾಲಕ್ಕೆ ಊರಿಗೆ ಕೊಂಡೊಯ್ಯುವ ಜೋಳ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ನಿಂತಿದ್ದೆ. ಒಂದು ಎಲೆಗೆ ಸುಣ್ಣ ಹಚ್ಚಿ ಮಡಚುವಷ್ಟು ಹೊತ್ತು ನಿಂತಿದ್ದೆ. ಹೆಚ್ಚಲ್ಲ, ಆದರೆ ಕಡಿಮೆಯೂ ಅಲ್ಲ.

ಆಯಿ ತುರುಬು ಕಟ್ಟಿಕೊಳ್ಳುತ್ತ ತನ್ನಷ್ಟಕ್ಕೆ ಎಂಬಂತೆ ಅಂದಳು, “ನನ್ನ ಡಬ್ಬಿ ನನ್ನ ಕೈಯಾಗ ಐತಿ. ಹಂಗಾರ ಹತ್ತ್ಯಾಗ ಮಿಂಚಿದ್ದು ಯಾವುದು?”

ಆಕೆ ಬಾಗಿಲಿನ ಕಡೆಗೆ ನಡೆದು ಬಂದಳು. ಬಾಗಿಲ ಪಕ್ಕದಲ್ಲಿ ನಾನು. ಬೆನ್ನ ಹಿಂದಿನ ಕೈ ಯಾವಾಗ ಮುಂದೆ ಬಂದಿತ್ತೋ ನನಗೆ ತಿಳಿದಿರಲಿಲ್ಲ. ಆಕೆಯ ಕಣ್ಣು ಆ ಬಿಳಿಯ ಗೆರೆಯ ಮೇಲೆ ನಿಂತಿತು. ಒಮ್ಮೆ ನನ್ನ ಮುಖ ನೋಡಿದಳು. ಈಗ ಕೂಗುತ್ತಾಳೆ, ಈಗ ಎಲ್ಲರಿಗೂ ತೋರಿಸುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ.

“ತಮ್ಮಾ,” ಎಂದು ಪಿಸುಗುಟ್ಟಿದಳು, “ಅಂಗಿ ತೋಳ ಇಳಸ್ಕೊ. ಕಾಣತೈತಿ.”

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲ. ತೋಳನ್ನು ಮೇಲೆ ಸರಿಸಿ ಕೈ ಎತ್ತಿ ಹಿಡಿದು, ಇಡೀ ಅಂಗಳಕ್ಕೆ ಕೇಳುವ ಹಾಗೆ ಕಿರುಚಿದೆ, “ನನ್ನ ಗಡಿಯಾರ್ರಿ! ಬಿದ್ದದ್ದು ನನ್ನ ಗಡಿಯಾರ! ಆಯಿದು ಏನೂ ತಪ್ಪಿಲ್ರಿ!”

ಸಾವುಕಾರರು ನನ್ನ ಕೈಯನ್ನು ನೋಡುತ್ತಲೇ ನಿಂತರು. ಅಷ್ಟರಲ್ಲಿ ಮೇಲಿನಿಂದ ಮೇಸ್ತ್ರಿಯ ದನಿ ಬಂತು. ಅವನು ಇಷ್ಟು ಹೊತ್ತೂ ಒಂದೊಂದೇ ಯಂತ್ರದ ಬಾಯಿ ಬಿಚ್ಚಿ ನೋಡುತ್ತಿದ್ದ. “ಸಿಕ್ತ್ರಿ! ಸಾವುಕಾರ್ರ, ಲಗೂ ಬರ್ರಿ! ಇದನ್ನ ನೋಡ್ರಿ!”

ಎಡಗೈಯಾಕೆ ನಿಂತಿದ್ದ ಯಂತ್ರವೇ. ರೂಲಿಗೂ ಉಕ್ಕಿನ ಪಟ್ಟಿಗೂ ನಡುವೆ ಗಡಿಯಾರ ಓರೆಯಾಗಿ ಕಚ್ಚಿಕೊಂಡಿತ್ತು. ಗಾಜು ಪುಡಿಯಾಗಿತ್ತು. ಪಟ್ಟಾದ ಅರ್ಧವನ್ನು ರೂಲು ನುಂಗಿ, ಎಳೆ ಎಳೆಯಾಗಿ ಬಿಡಿಸಿ, ಮತ್ತೆ ಹತ್ತಿ ಮಾಡಿಬಿಟ್ಟಿತ್ತು. ಅದರ ಪಕ್ಕದ ಹತ್ತಿಯಲ್ಲಿ ರೂಪಾಯಿಯಗಲದ ಒಂದು ಕಪ್ಪು ಕಲೆ. ಕಿಡಿ ಹಾರಿತ್ತು. ಹಾರಿ, ಏನು ಪುಣ್ಯವೋ, ಆರಿತ್ತು.

ಮೇಸ್ತ್ರಿ ಉಳಿದ ಪಟ್ಟಾದ ತುದಿ ಹಿಡಿದು ಎಳೆದ. ಬೆರಳು ಮೂಸಿದ. ಇನ್ನೊಮ್ಮೆ ಮೂಸಿದ. ಅವನ ಕಣ್ಣು ಅಷ್ಟು ದೊಡ್ಡದಾದದ್ದನ್ನು ನಾನು ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ.

“ಚಿಮಣಿ ಎಣ್ಣಿ ವಾಸ್ನಿ! ಇದು ಏನ್ರಿ ಇದು, ಕಂದೀಲ ಬತ್ತಿ?”

ನಾನು ಹೌದೆಂದು ಗೋಣು ಹಾಕಿದೆ.

“ಉರದ ಬತ್ತಿನೋ ಹೊಸಾದೋ?”

“ಉರದದ್ದು. ಎರಡ ಸಲ ಒಗದಿದ್ದೆ.”

“ಒಗದಿದ್ನಂತ!” ಮೇಸ್ತ್ರಿ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಅಲ್ಲೇ ಹತ್ತಿಯ ಮೇಲೆ ಕುಕ್ಕರಿಸಿದ. “ಹತ್ತಿ ಗಿರಣಿಗೆ ದಿನಾ ಕೈಗೆ ಕಂದೀಲ ಬತ್ತಿ ಕಟ್ಕೊಂಡು ಬಂದಾನ! ಕಡ್ಡಿ ಪೆಟಗಿ ಒಂದ ಬಿಟ್ಟಿದ್ನಲ್ಲ, ಅದನ್ನೂ ಟೊಪಗ್ಯಾಗ ಇಟ್ಕೊಂಡು ಬರಬೇಕಿತ್ತು!”

ಸತ್ಯ ಹೇಳುತ್ತೇನೆ, ಅಷ್ಟು ದಿನ ಆ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಅಗಲ ಹೊಂದುತ್ತದೆ, ಮೆತ್ತಗಿದೆ, ಇಷ್ಟೇ ಕಂಡಿದ್ದು. ಬತ್ತಿಯ ಕೆಲಸ ಹೊತ್ತಿಕೊಳ್ಳುವುದು ಎಂಬುದನ್ನು ಮಾತ್ರ ಮರೆತಿದ್ದೆ.

ಸಾವುಕಾರರು ಕಪ್ಪು ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ಮುಖದ ಮೇಲಿನ ಬೆವರು ಒರೆಸಿಕೊಂಡರು. ನನ್ನನ್ನು ಹೊರಗೆ ಹಾಕುತ್ತಾರೆಂದು ಕಾಯುತ್ತ ನಿಂತೆ. ಆದರೆ ಹೆದರಿಕೆ ಇಳಿದ ಮೇಲೆ ಅವರಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು. “ಹೋಗು ಮಾರಾಯಾ, ಹೋಗಿ ಖಾತೆ ಬರಿ. ಕಲತ ಹುಡುಗ, ಮರ್ತು ತಂದಿ. ಇನ್ನ ಮ್ಯಾಲೆ ಗಡಿಯಾರ ಮೇಜಿನ ಮ್ಯಾಲೆ ಇರಲಿ.”

“ಆಯಿನೂ ಕೆಲಸಕ್ಕ ಹೋಗಲ್ರಿ?”

ಅವರ ನಗು ನಿಂತಿತು. “ಅಕೀದು ಬ್ಯಾರೆ ಮಾತು. ನೀ ಮರ್ತು ತಂದಿ. ಅಕಿ ಕದ್ದು ತಂದಾಳ.”

“ಅಕಿ ಡಬ್ಬಿಯಿಂದ ಏನೂ ಆಗಿಲ್ರಿ. ಸುಡೂದಿದ್ದದ್ದು ನನ್ನಿಂದ…”

“ಕಟ್ಟಳೆ ಅಂದ್ರ ಕಟ್ಟಳೆ,” ಎಂದು ಅವರು ಮೆಟ್ಟಿಲು ಇಳಿದರು.

ನಿಜ ಹೇಳಿಬಿಟ್ಟರೆ ಎಲ್ಲ ತಂತಾನೆ ನೆಟ್ಟಗಾಗುತ್ತದೆ ಎಂದು ನಮ್ಮ ಮನೆಯ ಹಿರಿಯರು ನನಗೆ ಕಲಿಸಿದ್ದರು. ನಿಜ ಹೇಳಿದ್ದೆ. ನೆಟ್ಟಗಾದದ್ದು ನನ್ನದೊಂದೇ. ಅವರ ಹಿಂದೆಯೇ ಇಳಿದು, “ಹಂಗಾರ ನಾನೂ ಬರೂದಿಲ್ರಿ ನಾಳೆಯಿಂದ” ಎಂದೆ. ನಮಗಿಂತ ಮೊದಲೇ ಇಳಿದಿದ್ದ ಮೇಸ್ತ್ರಿ ಅದೇ ಹೊತ್ತಿಗೆ ಇಂಜಿನ್ನು ಸುರು ಮಾಡಿದ. ನನ್ನ ಮಾತು ನನಗೇ ಕೇಳಿಸಲಿಲ್ಲ.

ಪಟ್ಟಿಗಳು ತಿರುಗಿದವು. ರೂಲುಗಳು ಗರಗರ ಎಂದವು. ಆದರೆ ಸದ್ದಿನಲ್ಲಿ ಏನೋ ಕೊರತೆ. ಹತ್ತಿ ಬಾಯಿಗೆ ಬಿದ್ದಾಗಿನ ಆ ಭಾರದ ದನಿ ಇಲ್ಲ. ಮೇಸ್ತ್ರಿ ಮೆಟ್ಟಿಲು ಹತ್ತಿ ಇಣುಕಿ ನೋಡಿದ. ಯಂತ್ರಗಳ ಮುಂದೆ ಒಬ್ಬಳೂ ಇರಲಿಲ್ಲ.

ಹೆಂಗಸರು ಅಂಗಳದಲ್ಲೇ ನಿಂತಿದ್ದರು. ಎಡಗೈಯಾಕೆ ಮುಂದೆ ಬಂದಳು. ಸಾವುಕಾರರ ಕಾಲ ಹತ್ತಿರದ ಕಟ್ಟೆಗೆ ಬಾಗಿ, ಕುಪ್ಪಸದ ತೋಳಿನ ಮಡಿಕೆಯಿಂದ ಒಂದು ಸುಣ್ಣದ ಡಬ್ಬಿ ತೆಗೆದು ಟಣ್ ಎಂದು ಇಟ್ಟಳು. ನಾನು ನೋಡಿದ್ದು ಖರೇ ಏನು ಎಂದು ತಿಳಿಯುವ ಮೊದಲೇ ಅವಳ ಹಿಂದಿನವಳು ಸೊಂಟದಿಂದ ಮನೆಯ ಕೀಲಿಕೈ ತೆಗೆದಳು, ಅಂಗೈ ಉದ್ದದ್ದು. ಮೂರನೆಯವಳು ತುರುಬಿನಿಂದ ನಾಲ್ಕು ಪಿನ್ನು. ಆಮೇಲೆ ಡಬ್ಬಿ. ಮತ್ತೆ ಡಬ್ಬಿ. ಸೀರೆಯ ತುದಿಯ ಗಂಟಿನಿಂದ ಪೈಸೆಗಳು. ಒಂದು ಹಿತ್ತಾಳೆಯ ಕಿವಿಗಡ್ಡಿ. ಒಬ್ಬ ಗಟ್ಟಿ ಹೆಂಗಸು ಎಲ್ಲಿಂದಲೋ, ಎಲ್ಲಿಂದ ಎಂದು ನಾನು ಕೇಳಲಿಲ್ಲ, ಕಬ್ಬಿಣದ ಒಂದು ಅಡಕತ್ತು ಹೊರತೆಗೆದಳು. ಅಡಿಕೆ ಕತ್ತರಿಸುವ ಇಡೀ ಅಡಕತ್ತು!

ಇವೆಲ್ಲ ದಿನಾ ನನ್ನ ಮುಂದೆಯೇ ಒಳಗೆ ಹೋಗಿದ್ದವು. ನಾನು ಹೂಂ, ನಡೀರಿ ಎನ್ನುತ್ತಿದ್ದೆ. ಕಟ್ಟೆಯ ಮೇಲೆ ಒಂದು ಗುಡ್ಡೆಯೇ ಆಯಿತು.

“ಎಲ್ಲಾರನೂ ಕಳಸ್ರಿ ಸಾವುಕಾರ್ರ,” ಎಂದಳು ಎಡಗೈಯಾಕೆ. “ನಾವೂ ಕದ್ದ ತಂದವ್ರ.”

“ನೀನೂ?” ಸಾವುಕಾರರ ದನಿ ಅರ್ಧಕ್ಕೆ ನಿಂತಿತು. “ಕೈ ಸುಟ್ಕೊಂಡಾಕಿ… ನೀನೂ?”

“ಮುಂಜಾನಿಂದ ಸಂಜಿತನ ನಿಂತು ಹಾಕತೀವ್ರಿ. ಎಲಿ ಇಲ್ದ ಆಗೂದಿಲ್ಲ. ಕಟ್ಟಿ ಮ್ಯಾಲೆ ಇಟ್ಟ ಡಬ್ಬಿ ಸಂಜಿಗೆ ಇರೂದಿಲ್ಲ. ಯಾರೋ ಒಯ್ಯತಾರ. ನಿಮ್ಮ ಕಾರಕೂನಗ ಹೇಳಿದ್ರ ಕೇಳತಾನೇನ್ರಿ?”

ಇದನ್ನು ಅವರು ನನಗೆ ಎರಡು ಸಲ ಹೇಳಿದ್ದರು. ಖಾತೆ ಬರೆಯುತ್ತ ಕೇಳಿದ್ದೆ.

ಮೇಸ್ತ್ರಿ ಮೇಲಿನಿಂದ ಇಳಿದು ಬಂದು ಗುಡ್ಡೆಯನ್ನು ಒಂದು ಸುತ್ತು ಹಾಕಿದ. “ಇಷ್ಟೂ ಒಳಗಿದ್ದುವು,” ಎಂದ. “ಇಷ್ಟೂ ಒಳಗಿದ್ದು ನಾವು ಇನ್ನೂ ಅದೀವಿ.” ಸಾವುಕಾರರು ಒಂದು ಹತ್ತಿಯ ಅಂಡಿಗೆಯ ಮೇಲೆ ಕುಸಿದು ಕುಳಿತರು. ನೀರು ಕೇಳಿದರು. ನೀರು ಕುಡಿದು ಚರಿಗೆ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ನನಗೆ ಹೇಳಿದರು, “ಮುದುಕಿನ ಕರಕೊಂಡ ಬಾ.”

ಆಯಿ ಇನ್ನೂ ದೂರ ಹೋಗಿರಲಿಲ್ಲ. ರಸ್ತೆಯ ಬೇವಿನ ಗಿಡದ ನೆರಳಲ್ಲಿ ಕೂತು, ಆ ಡಬ್ಬಿ ತೆರೆದು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಕರೆದೆ. “ಯಾಕ?” ಎಂದಳು. ಹೇಳಿದೆ. ಎಲ್ಲರೂ ಒಂದೊಂದು ತೆಗೆದಿಟ್ಟದ್ದು, ಕೀಲಿಕೈ, ಅಡಕತ್ತು. ಅಡಕತ್ತು ಎಂದಾಗ ಆಕೆಯ ಕೈಯ ಎಲೆ ಕೆಳಗೆ ಬಿತ್ತು.

“ಅಡಕತ್ತು?” ಎಂದಳು. “ಅಯ್ಯ ಶಿವನ! ಹುಚ್ಚ ಹಿಡದೈತೇನ ಅಕಿಗೆ? ಅದು ರೂಲಿಗೆ ಸಿಕ್ಕಿದ್ರ ಎಲ್ಲಾರೂ ಸಾಯ್ತಿದ್ವಿ!” ಎಂದು ಸೆರಗು ಝಾಡಿಸಿ ಎದ್ದಳು. ಒಳಗೆ ಹೋಗಿ ಸಾವುಕಾರರಿಗೆ ಒಂದು ಮಾತೂ ಆಡದೆ ಮೊದಲು ಆ ಗಟ್ಟಿ ಹೆಂಗಸಿಗೆ ಚೆನ್ನಾಗಿ ಬಯ್ದಳು. ಆಮೇಲೆ ತನ್ನ ಡಬ್ಬಿಯನ್ನು ಗುಡ್ಡೆಯಲ್ಲಿ ಇಟ್ಟು ಮೆಟ್ಟಿಲು ಹತ್ತಿದಳು. ಉಳಿದವರೂ ಹತ್ತಿದರು. ನಾನು ನನ್ನ ಮೇಜಿನ ಕೀಲಿ ಇರುವ ಖಾನೆ ಬರಿದು ಮಾಡಿ, ಎಲ್ಲವನ್ನೂ ತುಂಬಿ, ಕೀಲಿ ಹಾಕಿ ಅದರ ಮುಂದೆಯೇ ಕುಳಿತೆ.

ಸಂಜೆ ನೆರಳು ನೋಡಿ ಗಂಟೆ ಬಾರಿಸಿ ಹಂಚಲು ಕುಳಿತರೆ ಗದ್ದಲವೋ ಗದ್ದಲ. ಡಬ್ಬಿಗಳೆಲ್ಲ ಒಂದೇ ಥರದವು. “ಏ ಅದು ನಂದು!” “ನಿಂದ ಹ್ಯಾಂಗಾತು, ನನ್ನ ಸುಣ್ಣ ಗಟ್ಟಿ ಇರತೈತಿ, ತಗದ ನೋಡು!” ಎಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿ ಗುರುತು ಹಿಡಿದರು.

ಆಯಿ ತನ್ನದನ್ನು ತಗೊಂಡು ಬಾಗಿಲು ದಾಟುವಾಗ ನಾನು ಎದ್ದು ಹೋದೆ. ಅಂಗೈಯಲ್ಲಿ ಗಾಜಿಲ್ಲದ, ಪಟ್ಟಾ ಇಲ್ಲದ ಗಡಿಯಾರ ಹಿಡಿದಿದ್ದೆ.

“ಆಯಿ, ಮೊದ್ಲ ನಾ ಸುಮ್ನ ನಿಂತೆ.”

“ನಿಂತಿದ್ದಿ, ಹೌದು,” ಎಂದಳು. ಇಲ್ಲ ಎನ್ನುತ್ತಾಳೇನೋ ಎಂದು ನನ್ನ ಮನಸ್ಸು ಕಾದಿತ್ತು. ಅನ್ನಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿ ಬಾಯಿ ಬಿಗಿದು ಕಟ್ಟಿದಳು. “ಲಗೂ ಮನಿಗೆ ಹೋಗು. ಹೆಂಡ್ತಿಗೆ ನೀನ ಹೇಳು. ಊರು ಹೇಳೂದಕಿಂತ ಮೊದ್ಲ.”

ಹಿಂದೆ ಮೂವರು ಹೆಂಗಸರು ಒಂದೇ ಡಬ್ಬಿಗೆ ಜಗಳಾಡುತ್ತಿದ್ದರು. ಅವರಿಗೆ ನೀವೇ ತೀರ್ಮಾನ ಮಾಡಿಕೊಳ್ಳಿ ಎಂದು ಹೇಳಿ, ಮೆಟ್ಟಿಲ ಹತ್ತಿರ ಬಿದ್ದಿದ್ದ ಚಪ್ಪಲಿ ಮೆಟ್ಟಿಕೊಂಡು, ನಾನು ಗುಡ್ಡದ ಕೆಳಗಿನ ಖೋಲಿಯ ಕಡೆಗೆ ಬಿರಬಿರ ನಡೆದೆ.